ಬೈಟು ಕಾಫಿಯಷ್ಟು ರಕ್ತ

ಜುಲೈ 6, ಭಾನುವಾರ

ಹೋದ ವರ್ಷ ರಿಟೈರಾದಾಗ ಉಳಿದುಹೋದ ಪಾಠ ಟಿಪ್ಪಣಿ ಪುಸ್ತಕ ಇದು. ಎಡಗಡೆ ದಿನಾಂಕ, ಬಲಗಡೆ ಅಂಕ ಎಂದು ಗೆರೆ ಹೊಡೆದಿದೆ. ಮೂವತ್ತನಾಲ್ಕು ವರ್ಷ ಖಾಸಗಿ ಹೈಸ್ಕೂಲಿನಲ್ಲಿ ಗಣಿತ ಕಲಿಸಿದವಳಿಗೆ ಗೆರೆಯಿಲ್ಲದ ಹಾಳೆಯಲ್ಲಿ ಕೈ ಓಡುವುದಿಲ್ಲ. ಯಾರಿಗೂ ತೋರಿಸಲು ಬರೆಯುತ್ತಿಲ್ಲ. ಬರೆಯದಿದ್ದರೆ ತಲೆ ಸಿಡಿದುಹೋಗುತ್ತದೆ, ಅಷ್ಟೇ.

ಮಗಳು ಧೃತಿಗೆ ಮೊನ್ನೆ ಶುಕ್ರವಾರ ಹೆರಿಗೆಯಾಯಿತು. ಹೆಣ್ಣು ಮಗು. ಇಪ್ಪತ್ತೈದನೇ ವಾರ. ಶ್ರಾವಣದಲ್ಲಿ ಸೀಮಂತಕ್ಕೆ ದಿನ ನೋಡಿಸಿದ್ದೆ, ಹಸಿರು ಬಳೆಯನ್ನೂ ತಂದಿಟ್ಟಿದ್ದೆ. ಚೆಕಪ್‌ಗೆ ಹೋದವಳ ಬಿ.ಪಿ. ನೋಡಿ ಅಲ್ಲಿಂದಲೇ ಆಪರೇಷನ್ ಥಿಯೇಟರಿಗೆ ಕರೆದೊಯ್ದರು. ಮಗಳು ಉಳಿದಳು. ನಮ್ಮ ಯಜಮಾನರು ಹೋಗಿ ಒಂಬತ್ತು ವರ್ಷ. ಇದ್ದಿದ್ದರೆ ಇವತ್ತು ನನ್ನ ಜೊತೆ ಬೆಂಚಿನ ಮೇಲೆ ಕೂತಿರುತ್ತಿದ್ದರು ಅನ್ನಿಸಿತು.

ಮಗುವಿನ ತೂಕ ಏಳುನೂರ ಇಪ್ಪತ್ತು ಗ್ರಾಂ. ಗಾಂಧಿ ಬಜಾರಿನಲ್ಲಿ ಮುಕ್ಕಾಲು ಕೇಜಿ ಬೀನ್ಸ್ ಕೊಳ್ಳುತ್ತೇನಲ್ಲ, ಅದಕ್ಕಿಂತ ಕಡಿಮೆ. ಗಾಜಿನ ಪೆಟ್ಟಿಗೆ, ಬಾಯಿಗೆ ವೆಂಟಿಲೇಟರ್ ನಳಿಗೆ, ಹೊಕ್ಕುಳಿಗೆ ಇನ್ನೊಂದು ನಳಿಗೆ. ಪೆಟ್ಟಿಗೆಯ ಮೇಲೆ 'ಬೇಬಿ ಆಫ್ ಧೃತಿ' ಎಂದು ಚೀಟಿ. ಹೆಸರಿಡುವ ಮಾತನ್ನು ಯಾರೂ ಎತ್ತುತ್ತಿಲ್ಲ. ನರ್ಸ್ ಮೀನಾ ನನ್ನನ್ನು ಹತ್ತು ನಿಮಿಷ ಒಳಗೆ ಬಿಟ್ಟಳು. ಕಿರುಬೆರಳನ್ನು ಮಗುವಿನ ಅಂಗೈಗೆ ಮುಟ್ಟಿಸಿದೆ. ಹಿಡಿದುಕೊಂಡಿತು. ದೇವರೇ, ಹಿಡಿದುಕೊಂಡಿತು!

ಅಳಿಯ ಗೌರೀಶನ ತಾಯಿಯೂ ಬಂದಿದ್ದರು. ಹೆಸರು ಪಿಳ್ಳಮ್ಮ. ಮನೆ ಮಾವಳ್ಳಿ, ಕೃಷ್ಣರಾಜ ಮಾರುಕಟ್ಟೆಯಲ್ಲಿ ಹೂವಿನ ಅಂಗಡಿ. ಮಕ್ಕಳು ತಾವೇ ಮೆಚ್ಚಿ ಮದುವೆಯಾಗಿ ನಾಲ್ಕು ವರ್ಷವಾದರೂ ನಮ್ಮಿಬ್ಬರ ಮಾತು 'ಚೆನ್ನಾಗಿದೀರಾ' ದಾಟಿ ಹೋಗಿಲ್ಲ. ಆಯಮ್ಮ ಕಾರಿಡಾರಿನಲ್ಲಿ ಎಲ್ಲರ ಎದುರು ಗಟ್ಟಿಯಾಗಿ ಅತ್ತರು. ನನಗೆ ಮುಜುಗರವಾಯಿತು. ಅಳು ನನಗೂ ಬಂದಿತ್ತು, ಆದರೆ ನಾನು ಬಾತ್‌ರೂಮಿಗೆ ಹೋದೆ.

ಇವತ್ತಿನಿಂದ ಒಪ್ಪತ್ತು. ಮಗು ಮನೆಗೆ ಬರುವ ತನಕ ದಿನಕ್ಕೆ ಒಂದೇ ಊಟ ಎಂದು ದೇವರ ಮುಂದೆ ಹೇಳಿಕೊಂಡಿದ್ದೇನೆ. ಧೃತಿಗೆ ಹೇಳಿಲ್ಲ, ಹೇಳಿದರೆ ಬೈಯುತ್ತಾಳೆ.

ಅಂಕ: ಹಿಮೋಗ್ಲೋಬಿನ್ 12.9

ಜುಲೈ 8, ಮಂಗಳವಾರ

ಅಂಕ: 10.7

ಡಾಕ್ಟರ್ ಸುಪ್ರಜಾ ನಮ್ಮನ್ನು ಕೂರಿಸಿಕೊಂಡು ಹೇಳಿದರು. ನನ್ನ ಹಳೆಯ ವಿದ್ಯಾರ್ಥಿನಿಯರ ವಯಸ್ಸು, ಆದರೆ ಮಾತಿನಲ್ಲಿ ಗಡಿಬಿಡಿಯಿಲ್ಲ. "ಮೊದಲ್ನೇ ವಾರದಲ್ಲಿ, ವೆಂಟಿಲೇಟರ್ ಮೇಲಿರೋ ಮಗುಗೆ ಹನ್ನೊಂದಕ್ಕಿಂತ ಕೆಳಗೆ ಹೋದ್ರೆ ರಕ್ತ ಕೊಡ್ತೀವಿ. ಅದು ನಾವು ಹಾಕ್ಕೊಂಡಿರೋ ಗೆರೆ. ಇವತ್ತು ಕೊಡೋಣ."

ಗೌರೀಶ್ ಆಗಲೇ ಶರ್ಟಿನ ತೋಳು ಮಡಿಸಿದ್ದ. "ನಂದೇ ತಗೊಳ್ಳಿ ಮೇಡಂ. ಮಗುದೂ ನಂದೂ ಒಂದೇ ಗ್ರೂಪು."

"ಬೇಡ ಗೌರೀಶ್. ಅಪ್ಪ, ಅಮ್ಮ, ಹತ್ತಿರದ ನೆಂಟರ ರಕ್ತ ಇಷ್ಟು ಚಿಕ್ಕ ಮಕ್ಕಳಿಗೆ ನಾವು ಕೊಡಲ್ಲ. ಹೋಲಿಕೆ ಜಾಸ್ತಿ ಇದ್ರೆ ಆ ರಕ್ತದ ಕಣಗಳು ಮಗು ಮೈಯಲ್ಲೇ ನೆಲೆ ನಿಂತು ಮಗು ಮೇಲೇ ತಿರುಗಿಬೀಳೋ ಅಪಾಯ ಇದೆ. ಸಂಬಂಧ ಇಲ್ಲದೋರದ್ದೇ ವಾಸಿ."

ಬ್ಲಡ್ ಬ್ಯಾಂಕಿನವರು ಒಬ್ಬರೇ ಕೊಟ್ಟ ರಕ್ತವನ್ನು ನಾಲ್ಕು ಪುಟ್ಟ ಬ್ಯಾಗುಗಳಾಗಿ ಮಾಡಿ ಈ ಮಗುವಿಗೆಂದೇ ಎತ್ತಿಡುತ್ತಾರಂತೆ. ಮುಂದೆ ಮತ್ತೆ ಬೇಕಾದರೂ ಅದೇ ಒಬ್ಬರದ್ದು. ಕೊಡುವವರ ಸಂಖ್ಯೆ ಹೆಚ್ಚಾದಷ್ಟೂ ತೊಂದರೆ ಹೆಚ್ಚು ಎಂದರು.

ಗೌರೀಶ್ ತೋಳು ಇಳಿಸಿಕೊಂಡು ಸಹಿ ಹಾಕಿದ. ನನ್ನ ನಾಲಿಗೆಯ ತುದಿಗೆ ಒಂದು ಪ್ರಶ್ನೆ ಬಂದಿತ್ತು. ಸಂಬಂಧ ಇಲ್ಲದೋರು ಎಂದರೆ ಯಾರು? ಯಾವ ಮನೆಯವರು, ಏನು ತಿನ್ನುವವರು, ಯಾವ ಗೋತ್ರ? ಧೃತಿಯ ಮುಖ ನೋಡಿ ನುಂಗಿಕೊಂಡೆ. ಇಲ್ಲಿ ಬರೆಯುವಾಗ ಸುಳ್ಳು ಯಾಕೆ, ಬಂದದ್ದಂತೂ ನಿಜ.

ಬ್ಯಾಗಿನ ಮೇಲೆ ಹೆಸರಿರಲಿಲ್ಲ, ನಂಬರಿತ್ತು. ಕೊನೆಯ ನಾಲ್ಕು ಅಂಕಿ 4417. ಬರೆದುಕೊಂಡೆ. ಹನ್ನೊಂದು ಎಂ.ಎಲ್. ರಕ್ತ ಸಿರಿಂಜಿನಿಂದ ಇಳಿಯಲು ನಾಲ್ಕು ಗಂಟೆ ಹಿಡಿಯಿತು.

ಜುಲೈ 9, ಬುಧವಾರ

ಮಗುವಿಗೆ ಬಣ್ಣ ಬಂದಿದೆ. ನಿನ್ನೆ ಹಳೆ ಪೇಪರಿನ ಹಾಗಿದ್ದ ಕಿವಿ ಇವತ್ತು ಕೆಂಪಗಿತ್ತು. ಧೃತಿಯನ್ನು ಗಾಲಿ ಕುರ್ಚಿಯಲ್ಲಿ ಕರೆದುಕೊಂಡು ಹೋಗಿ ತೋರಿಸಿದೆ. "ಅಮ್ಮ, ಕಿವಿ ನೋಡೇ" ಎಂದಳು. ಐದು ದಿನದಲ್ಲಿ ಅವಳು ಆಡಿದ ಮೊದಲ ಪೂರ್ತಿ ಮಾತು.

ಯಾರೋ ಏನೋ, 4417, ನಿನ್ನ ಹೊಟ್ಟೆ ತಣ್ಣಗಿರಲಿ.

ಜುಲೈ 13, ಭಾನುವಾರ

ನಿನ್ನೆ ಟೆಸ್ಟ್ ಮಾಡಿರಲಿಲ್ಲ, ಇವತ್ತೂ ಇಲ್ಲವಂತೆ. ಡಾಕ್ಟರ್ ಸುಪ್ರಜಾ ರಜೆ. ಡ್ಯೂಟಿಯಲ್ಲಿದ್ದವರು ಸಮರ್ಥ ಎಂಬ ಚಿಕ್ಕ ಡಾಕ್ಟರ್. ಮಗುವಿನ ಪಾದ ನನಗೆ ಯಾಕೋ ಬಿಳಿಚಿಕೊಂಡಂತೆ ಕಂಡಿತು.

"ಒಂದು ಟೆಸ್ಟ್ ಮಾಡಿ ನೋಡಿಬಿಡಿ ಡಾಕ್ಟ್ರೇ."

"ಅಜ್ಜಿ, ಬುಧವಾರಕ್ಕೆ ಬರೆದಿದಾರೆ."

"ಬುಧವಾರದ ತನಕ ಕಾಯೋಕ್ಕೆ ಇದೇನು ರೇಷನ್ ಅಂಗಡೀನಾ? ನಾನು ಮೂವತ್ತನಾಲ್ಕು ವರ್ಷ ವಾರಕ್ಕೊಂದು ಟೆಸ್ಟ್ ಕೊಟ್ಟವಳು. ಟೆಸ್ಟ್ ಕೊಡದೆ ಮಕ್ಕಳ ಸ್ಥಿತಿ ಹೇಗ್ರೀ ಗೊತ್ತಾಗುತ್ತೆ?" ಧ್ವನಿ ಸ್ವಲ್ಪ ಕ್ಲಾಸಿನ ಧ್ವನಿಯೇ ಆಯಿತು. ಪಾಪ, ಹುಡುಗ ಒಪ್ಪಿಕೊಂಡ.

ಪಿಳ್ಳಮ್ಮನವರು ಬೆಂಚಿನ ಮೇಲೆ ಕೂತು ಕೇಳಿಸಿಕೊಳ್ಳುತ್ತಿದ್ದರು. "ಟೀಚರಮ್ಮ, ಅಷ್ಟೊಂದ್ ಚುಚ್ಚುಸ್ಬ್ಯಾಡಿ. ಅದ್ರ ಕಾಲು ನನ್ ಹೂಕಟ್ಟೋ ಬೆರಳ್ನಷ್ಟೂ ಇಲ್ಲ" ಎಂದರು. ಆಯಮ್ಮನಿಗೆ ಏನು ತಿಳಿಯುತ್ತದೆ ಎಂದುಕೊಂಡೆ.

ಅಂಕ: 11.4. ಸಮಾಧಾನವಾಯಿತು.

ಜುಲೈ 19, ಶನಿವಾರ

ಅಂಕ: 9.6

ಮೊದಲ ವಾರ ದಾಟಿದ ಮೇಲೆ, ವೆಂಟಿಲೇಟರ್ ಇರುವ ತನಕ, ಗೆರೆ ಹತ್ತು. ಹಾಗಾಗಿ ಇವತ್ತು ಎರಡನೇ ಪುಟ್ಟ ಬ್ಯಾಗು ಕೊಟ್ಟರು. ಅದೇ 4417.

ನನಗೆ ಸಿಟ್ಟು ಬಂದಿತ್ತು. ಹನ್ನೊಂದು ದಿನದ ಹಿಂದೆ ಕೊಟ್ಟ ರಕ್ತ ಎಲ್ಲಿ ಹೋಯಿತು ಎಂದು ಡಾಕ್ಟರ್ ಸುಪ್ರಜಾ ಅವರನ್ನು ನಿಲ್ಲಿಸಿ ಕೇಳಿದೆ. ಅವರು ಬೇಸರ ಮಾಡಿಕೊಳ್ಳಲಿಲ್ಲ, ಮಗುವಿನ ಚಾರ್ಟ್ ತಂದು ನನ್ನ ಪಕ್ಕದಲ್ಲೇ ಕೂತರು.

"ನೀವು ಗಣಿತದ ಟೀಚರ್ ಅಂತ ಧೃತಿ ಹೇಳಿದ್ರು. ಈ ಮಗು ಮೈಯಲ್ಲಿರೋ ಒಟ್ಟು ರಕ್ತ ಎಷ್ಟು ಹೇಳಿ ನೋಡೋಣ."

"ಗೊತ್ತಿಲ್ಲ."

"ಸುಮಾರು ಅರವತ್ತೈದು ಎಂ.ಎಲ್. ಹೋಟ್ಲಲ್ಲಿ ಒಂದನ್ನ ಇಬ್ಬರಿಗೆ ಹಂಚಿ ಬೈಟು ಕಾಫಿ ತಗೋತೀವಲ್ಲ, ನಮ್ಮ ಪಾಲಿಗೆ ಬರೋ ಲೋಟ, ಅಷ್ಟೇ. ಇಷ್ಟು ಚಿಕ್ಕ ಮಕ್ಕಳಿಗೆ ಹೊಸ ರಕ್ತ ಮಾಡ್ಕೊಳ್ಳೋ ಶಕ್ತಿ ಇನ್ನೂ ಬಂದಿರಲ್ಲ. ಅದರ ಮೇಲೆ ನಾವು ಟೆಸ್ಟ್‌ಗೆ ಅಂತ ತೆಗೀತಾ ಇರ್ತೀವಿ. ಹದಿನೈದು ದಿನದಲ್ಲಿ ತೆಗೆದಿದ್ದು ಹತ್ತೊಂಬತ್ತು ಎಂ.ಎಲ್. ಬೇಕೇಬೇಕಾದ್ದಕ್ಕೆ ಮಾತ್ರ ತೆಗೆದ್ರೂ ಇಷ್ಟಾಯ್ತು."

ಚಾರ್ಟಿನಲ್ಲಿ ಪ್ರತಿ ಟೆಸ್ಟಿನ ಎದುರು ತೆಗೆದ ರಕ್ತದ ಅಳತೆ, ತೆಗೆದ ಕಾರಣ ಬರೆದಿತ್ತು. ನನ್ನ ಕಣ್ಣು ಹದಿಮೂರನೇ ತಾರೀಖಿನ ಸಾಲಿನ ಮೇಲೆ ನಿಂತಿತು. '0.8 ಎಂ.ಎಲ್. ಮನೆಯವರ ಕೋರಿಕೆ ಮೇರೆಗೆ.'

ಅವರು ಅದನ್ನು ನೋಡಿದರೋ ಇಲ್ಲವೋ, ಆ ಸಾಲಿನ ಬಗ್ಗೆ ಒಂದು ಮಾತೂ ಆಡಲಿಲ್ಲ. "ನಿಮ್ಮಂಥೋರು ದಿನಾ ಬಂದು ನೋಡ್ಕೊಳ್ಳೋದು ನಮಗೂ ಧೈರ್ಯ" ಎಂದು ಎದ್ದು ಹೋದರು. ಆ ದೊಡ್ಡತನಕ್ಕೆ ನಾನು ಏನು ಕೊಟ್ಟರೂ ತೀರದು.

ಮನೆಗೆ ಬಂದು ಲೆಕ್ಕ ಹಾಕಿದೆ. ಆ ಹತ್ತೊಂಬತ್ತು ಎಂ.ಎಲ್. ಎಂದರೆ ನನ್ನ ಮೈಯಿಂದ ಒಂದು ಲೀಟರಿಗಿಂತ ಹೆಚ್ಚು ತೆಗೆದಂತೆ. ಎರಡು ಪ್ಯಾಕೆಟ್ ಹಾಲು ಮೇಜಿನ ಮೇಲಿಟ್ಟುಕೊಂಡು ನೋಡಿದೆ. ಅದರಲ್ಲಿ ಪಾಯಿಂಟ್ ಎಂಟು ನಾನು, ಅಜ್ಜಿ ಎನ್ನಿಸಿಕೊಂಡವಳು, ಜೋರು ಮಾಡಿ ಕೀಳಿಸಿದ್ದು. ಬಿಳಿಚಿಕೊಂಡಿದೆ ಎಂದು ಹೆದರಿ ಇನ್ನಷ್ಟು ಬಿಳಿಚಿಸಿದೆನಲ್ಲ, ನನ್ನ ಬುದ್ಧಿಗಿಷ್ಟು.

ಪಿಳ್ಳಮ್ಮನವರು ಹೇಳಿದ್ದರು. ಕೇಳಲಿಲ್ಲ.

ಜುಲೈ 20, ಭಾನುವಾರ

ಧೃತಿಗೆ ಎಲ್ಲ ಹೇಳಿ ತಪ್ಪೊಪ್ಪಿಕೊಂಡೆ. ಬೈಯುತ್ತಾಳೆ ಎಂದುಕೊಂಡಿದ್ದೆ. "ಬೈಟು ಕಾಫೀನಾ?" ಎಂದು ನಕ್ಕುಬಿಟ್ಟಳು. ನಗುತ್ತಾ ಅತ್ತಳು. ಸಂಜೆ ಗೌರೀಶ್ ಪೆಟ್ಟಿಗೆಯ ಹತ್ತಿರ ಬಗ್ಗಿ "ಏನಮ್ಮಾ ಬೈಟು, ಹೇಗಿದೀಯ?" ಎಂದ. ಮೀನಾ ಕೂಡ ಹಾಗೇ ಕರೆಯಲು ಶುರು ಮಾಡಿದ್ದಾಳೆ. ಹೆಸರಿಲ್ಲದ ಮಗುವಿಗೆ ಹದಿನಾರನೇ ದಿನ ಹೆಸರು ಬಂತು, ಅದೂ ದರ್ಶಿನಿ ಹೋಟೆಲಿನಿಂದ.

ಜುಲೈ 25, ಶುಕ್ರವಾರ

ಶ್ರಾವಣದ ಮೊದಲ ದಿನ. ಬೆಳಗ್ಗೆ ದೊಡ್ಡ ಗಣಪತಿಗೆ ಹೋಗಿ ಅರ್ಚನೆ ಚೀಟಿ ತೆಗೆಸಿದೆ. ಬೈಟು ಹೆಸರಿನಲ್ಲಿ ಒಂದು. ಇನ್ನೊಂದು ಚೀಟಿ ಕೊಟ್ಟಾಗ ಅರ್ಚಕರು ಕೇಳಿದರು.

"ಇದು ಯಾರ ಹೆಸರಿಗಮ್ಮಾ?"

"ಹೆಸರು ಗೊತ್ತಿಲ್ಲ."

"ನಕ್ಷತ್ರ?"

"ಅದೂ ಗೊತ್ತಿಲ್ಲ. ಮೊಮ್ಮಗಳಿಗೆ ರಕ್ತ ಕೊಟ್ಟೋರು. ಗಂಡಸೋ ಹೆಂಗಸೋ ಅದೂ ತಿಳೀದು. ನಂಬರ್ ಇದೆ, ಹೇಳ್ಲಾ?"

ಹಿಂದೆ ಸಾಲಿನಲ್ಲಿದ್ದವರು ಇಣುಕಿ ನೋಡಿದರು. ಅರ್ಚಕರು ಚೀಟಿಯನ್ನು ತಟ್ಟೆಯಲ್ಲಿಟ್ಟು, "ನಂಬರ್ ಬೇಡಿ. ಗೋತ್ರ ಗೊತ್ತಿಲ್ದೋರಿಗೆಲ್ಲ ಕಾಶ್ಯಪ ಗೋತ್ರ ಅಂತ ಹೇಳೋದು ರೂಢಿ. ಆ ಋಷಿ ಎಲ್ಲರಿಗೂ ಆಗ್ತಾರೆ" ಎಂದರು. ಆಮೇಲೆ ಗಂಟಲು ಎತ್ತರಿಸಿ "ಕಾಶ್ಯಪ ಗೋತ್ರೋದ್ಭವಸ್ಯ, ರಕ್ತದಾತುಃ" ಎಂದು ಶುರು ಮಾಡಿದರು. ನಾನು ಕೈ ಮುಗಿದೆ. ಹದಿನೇಳು ದಿನದ ಹಿಂದೆ ಇದೇ ಗೋತ್ರದ ಪ್ರಶ್ನೆ ನನ್ನ ನಾಲಿಗೆಯ ತುದಿಗೆ ಬೇರೆ ರೀತಿ ಬಂದಿತ್ತು.

ಜುಲೈ 31, ಗುರುವಾರ

ವೆಂಟಿಲೇಟರ್ ತೆಗೆದರು! ಈಗ ಮೂಗಿಗೆ ಗಾಳಿ ಒತ್ತಿ ಕೊಡುವ ಸಣ್ಣ ನಳಿಗೆ ಮಾತ್ರ. ಬಾಯಿಗೆ ಎರಡು ಎಂ.ಎಲ್. ಹಾಲು. ಧೃತಿಯ ಹಾಲು. ಕಾರಿಡಾರಿನಲ್ಲಿ ಪಿಳ್ಳಮ್ಮನವರು ನನ್ನ ಎರಡೂ ಕೈ ಹಿಡಿದು ಅಲ್ಲಾಡಿಸಿದರು. ಮನೆಗೆ ಬಂದ ಮೇಲೂ ಕೈಯಲ್ಲಿ ಮಲ್ಲಿಗೆಯ ವಾಸನೆ.

ಆಗಸ್ಟ್ 7, ಗುರುವಾರ

ಅಂಕ: 8.8

ಈ ದಿನವನ್ನು ಹೇಗೆ ಬರೆಯಲಿ? ಬೆಳಗ್ಗೆಯಿಂದ ಬೈಟು ಮೂರು ಸಲ ಉಸಿರು ಬಿಟ್ಟಳು. ಬಿಟ್ಟಳು ಎಂದರೆ ಮರೆತಳು. ಅಲಾರಂ ಹೊಡೆಯುತ್ತದೆ, ಮೀನಾ ಓಡಿ ಬಂದು ಬೆನ್ನು ತಟ್ಟುತ್ತಾಳೆ, ಬೈಟು ಮತ್ತೆ ಉಸಿರಾಡುತ್ತಾಳೆ. ಮೂರನೇ ಸಲ ನಾನು ಅಲ್ಲೇ ನಿಂತಿದ್ದೆ.

ಡಾಕ್ಟರ್ ಸುಪ್ರಜಾ ನಾಲ್ವರನ್ನೂ ಕೂರಿಸಿದರು. ಪಿಳ್ಳಮ್ಮನವರೂ ಇದ್ದರು. ನಾಳೆ ವರಮಹಾಲಕ್ಷ್ಮಿ, ಇವತ್ತು ಹೂವಿನವರಿಗೆ ವರ್ಷಕ್ಕೆಲ್ಲ ದೊಡ್ಡ ವ್ಯಾಪಾರದ ದಿನ. ಅಂಗಡಿಯನ್ನು ಪಕ್ಕದವರಿಗೆ ಒಪ್ಪಿಸಿ ಬಂದುಬಿಟ್ಟಿದ್ದರು.

"ಒಂದು ತಿಂಗಳು ದಾಟಿದೆ. ಈಗ, ಉಸಿರಿಗೆ ಸಹಾಯ ಬೇಕಾಗಿರೋ ಮಗುಗೆ, ನಮ್ಮ ಗೆರೆ ಎಂಟೂವರೆ. ಬೈಟುದು ಎಂಟು ಪಾಯಿಂಟ್ ಎಂಟು. ಗೆರೆಗಿಂತ ಮೇಲೇ ಇದೆ. ಉಸಿರು ಮರೆಯೋದು ಈ ವಯಸ್ಸಿನ ಮಕ್ಕಳಲ್ಲಿ ಇದ್ದದ್ದೇ. ಕೊಟ್ಟರೆ ಕಮ್ಮಿ ಆಗಬಹುದು, ಆಗದೇನೂ ಇರಬಹುದು. ಅವಳು ಈಗ ತಾನೇ ರಕ್ತ ಮಾಡ್ಕೊಳ್ಳೋಕೆ ಶುರು ಮಾಡಿದಾಳೆ. ಹೊರಗಿಂದ ಕೊಟ್ಟರೆ ಆ ಕೆಲಸ ನಿಧಾನ ಆಗುತ್ತೆ. ಸಾವಿರಾರು ಮಕ್ಕಳನ್ನ ಎರಡು ಗುಂಪು ಮಾಡಿ ನೋಡಿದಾರೆ. ಬೇಗ ಕೊಟ್ಟ ಮಕ್ಕಳೂ, ಕಾದು ಕೊಟ್ಟ ಮಕ್ಕಳೂ ಬೆಳೆದದ್ದು ಒಂದೇ ಥರ. ನನ್ನ ಮನಸ್ಸು ಕಾಯೋಣ ಅನ್ನುತ್ತೆ. ಭಾನುವಾರದ ತನಕ ಟೆಸ್ಟೂ ಬೇಡ. ಅದಕ್ಕೆ ಮುಂಚೆ ಅವಳು ಸುಸ್ತಾದ್ರೆ ಆ ಕ್ಷಣ ಕೊಡ್ತೀನಿ, ಬ್ಯಾಗ್ ರೆಡಿ ಇದೆ. ಆದ್ರೆ ನಿಮ್ಮ ಮಾತೂ ಕೇಳ್ಬೇಕು."

ಗೌರೀಶ್ "ಕೊಟ್ಬಿಡಿ ಮೇಡಂ, ನಂಗೆ ಆ ಅಲಾರಂ ಕೇಳೋಕಾಗ್ತಿಲ್ಲ" ಎಂದ. ಬೆಸ್ಕಾಂನಲ್ಲಿ ಇಂಜಿನಿಯರ್, ಹೈಟೆನ್ಷನ್ ತಂತಿಗೆ ಹೆದರದ ಹುಡುಗ. ಧೃತಿ ಗಂಡನನ್ನೂ ನೋಡಲಿಲ್ಲ, ಡಾಕ್ಟರನ್ನೂ ನೋಡಲಿಲ್ಲ. ನನ್ನ ಕಡೆ ತಿರುಗಿದಳು.

"ಅಮ್ಮ, ನೀನು ಹೇಳು. ನೀನು ಹೇಳಿದ ಹಾಗೆ."

ನನಗೆ! ಟೆಸ್ಟ್ ಮಾಡಿ ಎಂದು ಜಗಳವಾಡಿದವಳಿಗೆ! ಈಗಲೇ ಕೊಡಿ, ನಾಳೆ ಬೆಳಗ್ಗೆ ಟೆಸ್ಟ್ ಮಾಡಿ, ಸಂಜೆ ಇನ್ನೊಂದು ಮಾಡಿ ಎಂದು ಮೈಯೆಲ್ಲ ಕೂಗುತ್ತಿತ್ತು. ಬಾಯಿಂದ ಮಾತ್ರ "ಕಾಯೋಣ" ಎಂದು ಬಂತು. "ಡಾಕ್ಟ್ರು ದಿನಾ ನೋಡ್ತಿದಾರೆ. ಅವರು ಕಾಯೋಣ ಅಂದ್ರೆ ಕಾಯೋಣ. ಗೌರೀಶ, ನೀನು ಒಪ್ಕೊಂಡ್ರೆ ಮಾತ್ರ." ಅವನು ತಲೆ ತಗ್ಗಿಸಿ ಹೂಂ ಎಂದ.

ಹೊರಗೆ ಬಂದು ಬೆಂಚಿನ ಮೇಲೆ ಕೂತೆ. "ಪಿಳ್ಳಮ್ಮ, ನಾನು ಹೇಳಿದ್ದು ತಪ್ಪಾದ್ರೆ?" ಎಂದೆ.

"ನಂಗೇನ್ ಗೊತ್ತು ಟೀಚರಮ್ಮ." ಪಕ್ಕದ ಚೀಲದಿಂದ ಒಂದು ರಾಶಿ ಬಿಡಿ ಸೇವಂತಿಗೆ, ದಾರ ತೆಗೆದು ನನ್ನ ಮಡಿಲಿಗೆ ಹಾಕಿದಳು. "ಕೈ ಸುಮ್ನಿದ್ರೆ ಹುಚ್ಚಿಡಿತದೆ. ಕಟ್ಟಿ."

ಸಂಜೆ ಐದರ ತನಕ ಇಬ್ಬರೂ ಹೂ ಕಟ್ಟಿದೆವು. ಅವಳು ಆರು ಮೊಳ ಕಟ್ಟುವಷ್ಟರಲ್ಲಿ ನಾನು ಒಂದು ಗೇಣು, ಅದೂ ವಕ್ರ. "ನಿಮ್ ಸ್ಟೂಡೆಂಟಾಗಿದ್ರೆ ಎಷ್ಟ್ ಮಾರ್ಕ್ಸ್ ಕೊಡ್ತಿದ್ರಿ?" ಎಂದಳು. ಸೊನ್ನೆ ಎಂದೆ. ಅಲಾರಂ ಮತ್ತೆ ಒಂದೇ ಸಲ ಹೊಡೆಯಿತು.

ಆಗಸ್ಟ್ 8, ಶುಕ್ರವಾರ

ಮನೆಯಲ್ಲಿ ಕಳಶ ಇಡಲಿಲ್ಲ. ಮದುವೆಯಾದ ಮೇಲೆ ಇದೇ ಮೊದಲ ಸಲ. ನನ್ನ ವಕ್ರ ಮಾಲೆಯನ್ನು ದೇವರ ಪಟಕ್ಕೆ ಹಾಕಿ ಆಸ್ಪತ್ರೆಗೆ ಓಡಿದೆ.

ಉಸಿರು ಮರೆತದ್ದು ಎರಡು ಸಲ. ಎರಡೂ ಸಲ ತಾನಾಗೇ ನೆನಪಿಸಿಕೊಂಡಳು. ಅಂಕ ಇಲ್ಲ.

ಆಗಸ್ಟ್ 9, ಶನಿವಾರ

ಒಂದು ಸಲ. ಅಂಕ ಇಲ್ಲ. ತೂಕ ಒಂದು ಸಾವಿರದ ನಲವತ್ತು.

ಆಗಸ್ಟ್ 10, ಭಾನುವಾರ

9.1. ಯಾರೂ ಕೊಟ್ಟದ್ದಲ್ಲ, ಅವಳೇ ಮಾಡಿಕೊಂಡದ್ದು!

ಡಾಕ್ಟರ್ ಸುಪ್ರಜಾ ಚೀಟಿಯನ್ನು ನನ್ನ ಕೈಗೇ ಕೊಟ್ಟು, "ಟೀಚರ್, ಪಾಸಾ?" ಎಂದರು. ನಾನು ಆ ಹುಡುಗಿಯ ಕೈಯನ್ನು ಕಣ್ಣಿಗೆ ಒತ್ತಿಕೊಂಡೆ. ಪಿಳ್ಳಮ್ಮ ಜೋರಾಗಿ ಅತ್ತಳು. ನಾನೂ ಅಲ್ಲೇ ಅತ್ತೆ.

ಆಗಸ್ಟ್ 16, ಶನಿವಾರ

4417ರ ಉಳಿದ ಎರಡು ಪುಟ್ಟ ಬ್ಯಾಗು ಬೈಟುಗೆ ಬೇಕಾಗಲೇ ಇಲ್ಲ. ಅವಧಿ ಮುಗಿಯುವ ಮುಂಚೆ ಒಂದನ್ನು ಇದೇ ವಾರ್ಡಿನ ಇನ್ನೊಂದು ಮಗುವಿಗೆ ಕೊಟ್ಟರಂತೆ. ಯಾವ ಮಗು ಎಂದು ಮೀನಾ ಹೇಳಲಿಲ್ಲ, ನಾನೂ ಕೇಳಲಿಲ್ಲ. ಒಳಗೆ ಹೋದಾಗ ಎಲ್ಲ ಪೆಟ್ಟಿಗೆಗಳ ಕಡೆಗೂ ಒಂದು ಸಲ ನೋಡಿಕೊಂಡು ಬಂದೆ. ಅಷ್ಟೂ ಮಕ್ಕಳಲ್ಲಿ ಒಂದು ನಮ್ಮ ನೆಂಟರದ್ದು.

ಸೆಪ್ಟೆಂಬರ್ 3, ಬುಧವಾರ

ಪಿಳ್ಳಮ್ಮ ಬ್ಲಡ್ ಬ್ಯಾಂಕಿಗೆ ಹೋಗುತ್ತೇನೆ ಎಂದಳು. ಮಾರ್ಕೆಟ್ಟಿನ ಹೂವಿನವರ ಕ್ಯಾಂಪಿನಲ್ಲಿ ಶುರು ಮಾಡಿದ್ದಂತೆ, ಹದಿಮೂರು ವರ್ಷದಿಂದ ರಕ್ತ ಕೊಡುತ್ತಿದ್ದಾಳೆ. ಇಷ್ಟು ದಿನ ಪಕ್ಕದಲ್ಲಿ ಕೂತಿದ್ದರೂ ಬಾಯಿ ಬಿಟ್ಟಿರಲಿಲ್ಲ. ಯಾಕೆ ಹೇಳಲಿಲ್ಲ ಎಂದರೆ, "ನೀವ್ ಕೇಳ್ಲಿಲ್ವಲ್ಲ" ಎಂದಳು. ನಿಜ, ನಾನು ಈಕೆಯನ್ನು ಏನನ್ನೂ ಕೇಳಿರಲಿಲ್ಲ.

ನಾನೂ ಕೊಡುತ್ತೇನೆ ಎಂದು ಹೊರಟೆ. ಡಿಸೆಂಬರಿಗೆ ಅರವತ್ತು ತುಂಬುತ್ತದೆ. ಅರವತ್ತು ದಾಟಿದ ಮೇಲೆ ಮೊದಲ ಸಲ ಕೊಡುವವರನ್ನು ತೆಗೆದುಕೊಳ್ಳುವುದಿಲ್ಲವಂತೆ. ಅಲ್ಲಿ ಯಶಶ್ರೀ ಎಂಬ ಹುಡುಗಿ ಬೆರಳು ಚುಚ್ಚಿ ನೋಡಿ ತಲೆಯಾಡಿಸಿದಳು.

"ಆಂಟಿ, ಹನ್ನೆರಡೂವರೆ ಇರ್ಬೇಕು. ನಿಮ್ದು ಒಂಬತ್ತು ಪಾಯಿಂಟ್ ಎಂಟು. ಊಟ ಮಾಡ್ತೀರ ತಾನೇ?"

ಎರಡು ತಿಂಗಳ ಒಪ್ಪತ್ತು ಪಿಳ್ಳಮ್ಮನ ಎದುರೇ ಬಯಲಾಯಿತು. ಆಕೆ ಸೊಂಟದ ಮೇಲೆ ಕೈಯಿಟ್ಟು ನಿಂತಳು. "ಆ ಕೂಸು ತಾನೇ ರಕ್ತ ಮಾಡ್ಕತಾ ಐತೆ, ನೀವ್ ಕಳ್ಕತಾ ಇದೀರಲ್ಲ! ದೇವ್ರು ನಿಮ್ಮ ಮುದ್ದೆ ಕೇಳಿದ್ನಾ? ನಡೀರಿ ಮನೇಗೆ."

ತನ್ನದನ್ನು ಕೊಟ್ಟು, ಬಿಸ್ಕತ್ತು ತಿಂದು, ನನ್ನನ್ನು ಆಟೋದಲ್ಲಿ ಮಾವಳ್ಳಿಗೆ ಎಳೆದುಕೊಂಡು ಹೋದಳು. ನಾಲ್ಕು ವರ್ಷದಲ್ಲಿ ಅವರ ಮನೆಯಲ್ಲಿ ನಾನು ನೀರು ಬಿಟ್ಟರೆ ಬೇರೇನೂ ಮುಟ್ಟಿರಲಿಲ್ಲ. ಇವತ್ತು ರಾಗಿ ಮುದ್ದೆ, ದಂಟಿನ ಸೊಪ್ಪಿನ ಬಸ್ಸಾರು, ಹುರುಳಿಕಾಳಿನ ಪಲ್ಯ. ಮುದ್ದೆಯನ್ನು ಅಗಿದೆ. "ಅಯ್ಯೋ, ಅಗೀಬಾರ್ದು, ನುಂಗ್ಬೇಕು!" ಎಂದು ಪಿಳ್ಳಮ್ಮ ಬಿದ್ದುಬಿದ್ದು ನಕ್ಕಳು. ಎರಡನೇ ಸಲ ಸಾರು ಹಾಕಿಸಿಕೊಂಡೆ. ಎಷ್ಟು ಹಸಿದಿದ್ದೆ ಎಂಬುದು ಊಟ ಶುರು ಮಾಡಿದ ಮೇಲೇ ಗೊತ್ತಾಯಿತು.

ಸಂಜೆ ದೇವರಿಗೆ ಹೇಳಿದೆ. ಒಪ್ಪತ್ತು ಬಿಟ್ಟಿದ್ದೇನೆ, ಕೋಪ ಮಾಡಿಕೊಳ್ಳಬೇಡ, ಬೇರೆ ಕೆಲಸ ಇದೆ.

ಸೆಪ್ಟೆಂಬರ್ 21, ಭಾನುವಾರ

ಧೃತಿಗೆ ನೆಗಡಿ. ಮೈ ಬಿಸುಪು ಸಿಗಲೆಂದು ಬೈಟುವನ್ನು ಬಟ್ಟೆಯೊಳಗೆ ಎದೆಗೆ ಹಾಕಿಕೊಳ್ಳುವ ಸರದಿ ನನಗೆ ಬಂತು. ಒಂದು ಗಂಟೆ. ಅವಳ ಎದೆಬಡಿತ ನನ್ನ ಚರ್ಮಕ್ಕೆ ಸಿಗುತ್ತಿತ್ತು.



ಅಕ್ಟೋಬರ್ 9, ಗುರುವಾರ

ಮನೆಗೆ ಬಂದಳು! ಎರಡು ಕೇಜಿ ಇನ್ನೂರು. ಮೀನಾ ಗೇಟಿನ ತನಕ ಎತ್ತಿಕೊಂಡು ಬಂದಳು. ವಾಚ್‌ಮನ್ ಕೂಡ ಟೋಪಿ ತೆಗೆದು ನೋಡಿದ. ಹೊಸ್ತಿಲಲ್ಲಿ ಆರತಿ ಎತ್ತಲು ನಾನೂ ಪಿಳ್ಳಮ್ಮನೂ ಒಟ್ಟಿಗೆ ನಿಂತೆವು. ಆಗದೇ ಹೋದ ಸೀಮಂತದ ಹಸಿರು ಬಳೆಯನ್ನು ಧೃತಿಯ ಕೈಗೆ ಪಿಳ್ಳಮ್ಮನೇ ತೊಡಿಸಿದಳು.

ಹೆಸರು ಆರಾಧನಾ. ಕರೆಯುವುದು ಬೈಟು ಎಂದೇ.

ನವೆಂಬರ್ 18, ಮಂಗಳವಾರ

ನಿನ್ನೆ ಕಡಲೆಕಾಯಿ ಪರಿಷೆ. ಬಸವನಗುಡಿಯ ರಸ್ತೆ ತುಂಬ ಜನ, ಮಗುವನ್ನು ಹೊರಗೆ ಕರೆದೊಯ್ಯಲಿಲ್ಲ. ಪಿಳ್ಳಮ್ಮ ಎರಡು ಸೇರು ಹಸಿ ಕಾಯಿ ತಂದು ಬೇಯಿಸಿ, "ತಿನ್ನಿ, ನಾಳೆ ಎಕ್ಸಾಮು" ಎಂದಳು.

ಬ್ಲಡ್ ಬ್ಯಾಂಕಿನಲ್ಲಿ ಅದೇ ಯಶಶ್ರೀ. ನನ್ನ ಗುರುತು ಹಿಡಿದಳು. ಎರಡೂವರೆ ತಿಂಗಳ ಸೊಪ್ಪು, ಕಾಳು, ಕಬ್ಬಿಣದ ಮಾತ್ರೆ. ಬೆರಳು ಚಾಚಿ ಕಣ್ಣು ಮುಚ್ಚಿಕೊಂಡೆ. ಎಸ್ಸೆಸ್ಸೆಲ್ಸಿ ರಿಸಲ್ಟಿಗೂ ನಾನು ಹೀಗೆ ಹೆದರಿರಲಿಲ್ಲ.

"ಹನ್ನೆರಡು ಪಾಯಿಂಟ್ ಏಳು ಆಂಟಿ. ಬನ್ನಿ, ಮಲಕ್ಕೊಳ್ಳಿ."

ಪಿಳ್ಳಮ್ಮ ಇನ್ನೂ ಕೊಡುವ ಹಾಗಿಲ್ಲ, ನಾಲ್ಕು ತಿಂಗಳಾಗಬೇಕಂತೆ. ನನ್ನ ಎಡಗೈ ಹಿಡಿದುಕೊಂಡು ಪಕ್ಕದಲ್ಲಿ ನಿಂತಿದ್ದಳು. ಬ್ಯಾಗು ತುಂಬುವುದನ್ನು ನೋಡುತ್ತಾ ಮಲಗಿದೆ. ಮುನ್ನೂರ ಐವತ್ತು ಎಂ.ಎಲ್. ಐದು ಬೈಟುಗಳಿಗೆ ಆಗಿ ಮಿಗುತ್ತದೆ.

"ಇದನ್ನು ಪುಟ್ಟ ಬ್ಯಾಗ್ ಮಾಡ್ತೀರಾ? ಚಿಕ್ಕ ಮಕ್ಕಳಿಗೆ?" ಎಂದು ಕೇಳಿದೆ.

"ಹೇಳೋಕಾಗಲ್ಲ ಆಂಟಿ. ಯಾರಿಗೆ ಬೇಕೋ ಅವರಿಗೆ."

"ಆಯ್ತಮ್ಮ. ಯಾರಿಗೆ ಬೇಕೋ ಅವರಿಗೆ."

ಅವಳು ಬ್ಯಾಗಿಗೆ ನಂಬರಿನ ಚೀಟಿ ಅಂಟಿಸಿದಳು. ನನ್ನ ಪರ್ಸಿನಲ್ಲಿ ಪೆನ್ನೂ ಇತ್ತು, ಕಾಗದವೂ ಇತ್ತು. ಬರೆದುಕೊಳ್ಳಲಿಲ್ಲ.

ಈಗ ಮನೆಯಲ್ಲಿ ಕೂತು ಬರೆಯುತ್ತಿದ್ದೇನೆ. ಆ ನಂಬರ್ ಬೇರೆ ಯಾರಾದರೂ ಬರೆದುಕೊಳ್ಳುತ್ತಾರೆ. ಯಾವುದೋ ಕಾರಿಡಾರಿನ ಬೆಂಚಿನ ಮೇಲಿಂದ ಎದ್ದು ಹೋಗಿ, ಹೆಸರು ಗೊತ್ತಿಲ್ಲ, ನಕ್ಷತ್ರ ಗೊತ್ತಿಲ್ಲ ಎಂದು ಅರ್ಚನೆ ಮಾಡಿಸಿದರೂ ಮಾಡಿಸಬಹುದು. ಕಾಶ್ಯಪ ಗೋತ್ರ ಎಂದೇ ಹೇಳಿಸಲಿ. ನಮ್ಮದು ಭಾರದ್ವಾಜ. ಪರವಾಗಿಲ್ಲ, ಅರ್ಚನೆ ಬಂದು ಸೇರುತ್ತದೆ.

ಬೈಟು ಅಳುತ್ತಿದ್ದಾಳೆ. ಏಳಬೇಡಿ ಎಂದು ನನ್ನನ್ನು ಗದರಿಸಿ ಪಿಳ್ಳಮ್ಮ ಎತ್ತಿಕೊಂಡಳು.